ಕಪಾಟಿನಲ್ಲಿರುವ ಆ ದಾಖಲೆಯನ್ನು ಹೊರಗೆ ತೆಗೆಯಿರಿ: ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಲಬುರಗಿ, ಬೀದರ್ ಹಾಗೂ ಯಾದಗಿರಿ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು

ವಿಷಯ: ಜನತಾ ಜೀವವೈವಿಧ್ಯ ದಾಖಲಾತಿಯನ್ನು ಊರಿನವರನ್ನು ಕೇಳಿ ಹೊಸದಾಗಿ ಬರೆಸುವುದು ಮತ್ತು ಜವಾರಿ ತಳಿಗಳ ಬೀಜ ಉಳಿಸುವುದು

ಮಾನ್ಯರೇ,

ಬೀಜ, ಬೆಳೆ, ಮಳೆ ಎಂದಾಕ್ಷಣ ನಾವು ಅರ್ಜಿ ಬರೆಯುವುದು ಕೃಷಿ ಸಚಿವರಿಗೆ, ಜಿಲ್ಲಾಧಿಕಾರಿಗಳಿಗೆ, ಹೆಚ್ಚೆಂದರೆ ಶಾಸಕರಿಗೆ. ಪಂಚಾಯಿತಿ ಎಂದರೆ ಚರಂಡಿ, ಬೀದಿದೀಪ, ಮನೆ ಮಂಜೂರಾತಿ ಎಂದು ನಾವು ತಿಳಿದುಕೊಂಡಿದ್ದೇವೆ. ತಾವೂ ಹಾಗೆಯೇ ತಿಳಿದಂತೆ ಕಾಣುತ್ತದೆ. ಆದರೆ ಊರಿನ ಬೀಜ, ಸೊಪ್ಪು, ಗಿಡಮೂಲಿಕೆಗಳ ವಿಷಯದಲ್ಲಿ ಕಾನೂನು ಮೊದಲು ಬೆರಳು ತೋರಿಸುವುದು ತಮ್ಮ ಕಡೆಗೇ. ಅದಕ್ಕಾಗಿ ಈ ಪತ್ರವನ್ನು ಬೆಂಗಳೂರಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ರೈತರು ಉಳಿಸಿಕೊಂಡು ಬಂದ ತಳಿಗಳ ಸಂರಕ್ಷಣೆಯೂ ಆ ಸಮಿತಿಯ ಕೆಲಸ ಎಂದು ಕಲಮಿನಲ್ಲೇ ಬರೆದಿದೆ. 2004ರಲ್ಲಿ ಬಂದ ಕೇಂದ್ರದ ನಿಯಮಗಳು ಇನ್ನೂ ಬಿಡಿಸಿ ಹೇಳಿದವು: ಸಮಿತಿಯ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಊರಿನ ಬೆಳೆ, ಗಿಡ, ಪ್ರಾಣಿಗಳನ್ನೂ ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನೂ ಬರೆದಿಡುವ ಪುಸ್ತಕವನ್ನು, ಸಿದ್ಧಪಡಿಸುವುದು, ಅದನ್ನು ಸ್ಥಳೀಯ ಜನರೊಂದಿಗೆ ಸಮಾಲೋಚಿಸಿ ಬರೆಯಬೇಕು, ಸಮಿತಿಗೆ ನಾಮಕರಣಗೊಂಡವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿರಬೇಕು. ಇದೆಲ್ಲ ಬಹುಕಾಲ ಕಾಗದದ ಮೇಲೆಯೇ ಉಳಿಯಿತು. ಕೊನೆಗೆ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ 31ರೊಳಗೆ ಕೆಲಸ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಆದೇಶಿಸಿತು. ಆಮೇಲೆ ದೇಶದ ತುಂಬ ದಾಖಲಾತಿಗಳು ದಡಬಡನೆ ಸಿದ್ಧವಾದವು. ಹದಿನೈದು ವರ್ಷ ಆಗದ ಕೆಲಸ ಗಡುವು ಬಂದ ಕೂಡಲೇ ಮುಗಿಯಿತೆಂದರೆ ಅದು ಹೇಗೆ ಮುಗಿದಿರಬಹುದು ಎಂಬುದನ್ನು ಕಚೇರಿ ವ್ಯವಹಾರ ಬಲ್ಲ ತಮಗೆ ನಾನು ವಿವರಿಸಬೇಕಾಗಿಲ್ಲ.

ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಚಿಂಚೋಳಿ ತಾಲ್ಲೂಕಿನಲ್ಲಿ ಸ್ವಲ್ಪ ಒಣಭೂಮಿ ಇದೆ, ತೊಗರಿ ಮತ್ತು ಹಿಂಗಾರಿ ಜೋಳ ಬೆಳೆಯುತ್ತೇನೆ. ನಮ್ಮ ಕಡೆಯ ಒಂದು ಪಂಚಾಯಿತಿಯಲ್ಲಿ ಈ ದಾಖಲಾತಿಯನ್ನು ತೋರಿಸಿ ಎಂದು ಕೇಳಿದೆ. ಪಂಚಾಯಿತಿಯ ಹೆಸರು ಹೇಳುವುದಿಲ್ಲ. ಒಬ್ಬರನ್ನು ಹಿಡಿದು ನಿಲ್ಲಿಸುವುದು ಈ ಪತ್ರದ ಉದ್ದೇಶವಲ್ಲ, ಮತ್ತು ಹುಡುಕಿದರೆ ಅಂಥದ್ದು ಇನ್ನೂ ಸಿಕ್ಕೀತು ಎಂಬ ಅನುಮಾನ ನನಗಿದೆ. ಮೊದಲು, ಹಾಗೊಂದು ಪುಸ್ತಕ ಇದೆಯೇ ಎಂದು ಅಲ್ಲಿದ್ದವರು ನನ್ನನ್ನೇ ಕೇಳಿದರು. ಕಪಾಟಿನಿಂದ ಹೊರಬಂದಾಗ ಅದಕ್ಕೆ ಹಾಕಿದ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿರಲಿಲ್ಲ. ಒಳಗೆ ಬೆಳೆಗಳ ಪಟ್ಟಿಯಲ್ಲಿ ಅಡಿಕೆ ಇತ್ತು, ಕಾಳುಮೆಣಸು ಇತ್ತು. ಬಿಸಿಲಿಗೆ ಬಾಯಿಬಿಡುವ ಎರೆಭೂಮಿಯ ಊರಿನಲ್ಲಿ ಕಾಳುಮೆಣಸು! ಮಲೆನಾಡಿನ ಯಾವುದೋ ಊರಿನ ಹಾಳೆಗಳು ಹೆಸರು ಬದಲಿಸಿಕೊಂಡು ನಮ್ಮಲ್ಲಿಗೆ ವರ್ಗವಾಗಿ ಬಂದಿದ್ದವು. ಜೋಳಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ಜೋಳ – ಸ್ಥಳೀಯ’. ತೊಗರಿಗೂ ಅಷ್ಟೇ. ಸಾಂಪ್ರದಾಯಿಕ ಜ್ಞಾನ ಉಳ್ಳವರ ಹೆಸರು ಬರೆಯಬೇಕಾದ ಕಡೆ ‘ಇಲ್ಲ’ ಎಂದು ಬರೆದಿತ್ತು.

ನನ್ನ ತಕರಾರು ಆ ಎರಡಕ್ಷರದ ‘ಇಲ್ಲ’ದ ಮೇಲೆ.

ಅದೇ ಊರಿನಲ್ಲಿ, ಪಂಚಾಯಿತಿ ಕಚೇರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಬ್ಬ ಹಿರಿಯ ತಾಯಿ ಇದ್ದಾರೆ. ಊರಿನವರಿಗೆಲ್ಲ ಅವರು ಆಯಿ. ಅವರ ಮುಂದೆ ಕುಳಿತು ‘ಜೋಳ – ಸ್ಥಳೀಯ’ ಎಂದರೆ ಯಾವ ಜೋಳ ಎಂದು ಕೇಳಿದೆ. ಅವರು ನಕ್ಕರು. ರೊಟ್ಟಿಗೆ ಮಾಲ್ದಂಡಿ: ಹಿಟ್ಟು ಜಿಗುಟು, ರೊಟ್ಟಿ ಬಡಿದರೆ ಅಂಚು ಸೀಳುವುದಿಲ್ಲ, ಕಣಕಿಯನ್ನು ದನ ಒಂದು ಎಸಳೂ ಬಿಡದೆ ತಿನ್ನುತ್ತದೆ. ನಾಗರ ಪಂಚಮಿಯ ಅಳ್ಳಿಗೆ ಬೇರೆ ಜೋಳ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹಂಚಿನ ಮೇಲೆ ಬಿದ್ದರೆ ಮಲ್ಲಿಗೆಯಂತೆ ಅರಳುತ್ತದೆ. ಅಳ್ಳಿಟ್ಟಿಗೂ ಅದೇ. ಮಾಲ್ದಂಡಿಯಲ್ಲಿ ಅಳ್ಳು ಹುರಿಯಲು ಹೋದರೆ ಅರ್ಧ ಕಾಳು ಹಂಚಿನಲ್ಲೇ ಕಪ್ಪಾಗುತ್ತದೆ. ಕಡುಬಿಗೆ, ನುಚ್ಚಿಗೆ ಕಡುಬಿನ ಜೋಳ. ಸೀತನಿಗೆ ಮತ್ತೊಂದು, ಕಾಳು ಹಾಲುಗಟ್ಟುವಾಗ ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲ ಮತ್ತು ಶೇಂಗಾ ಹಿಂಡಿಯ ಜೊತೆ ತಿನ್ನಬೇಕು. ಅದಕ್ಕೆ ಹೊಲದಲ್ಲಿ ಒಂದೆರಡು ಸಾಲು ಸಾಕು, ಮನೆಗೂ ಆಯಿತು, ಬಂದ ಬೀಗರಿಗೂ ಆಯಿತು. ಬಾಗಿದ ತೆನೆಯ ಜೋಳಕ್ಕೆ ಹಕ್ಕಿ ಕಾಟ ಕಡಿಮೆ, ಮುಂಗಾರಿಯಲ್ಲಿ ಬಿಡಿ ತೆನೆಯ ಜೋಳಕ್ಕೆ ಬೂಷ್ಟು ಕಡಿಮೆ ಎಂದೂ ಹೇಳಿದರು. ಕೊನೆಯ ಮಾತನ್ನು ವಿಜ್ಞಾನಿಗಳೂ ಒಪ್ಪುತ್ತಾರೆ: ಒತ್ತಾದ ತೆನೆಯ ಬಿಳಿಕಾಳಿನ ಮುಂಗಾರಿ ಹೈಬ್ರಿಡ್‌ಗಳಿಗೆ ಮಳೆ ಹಿಡಿದಾಗ ತಗಲುವ ಕಾಳು ಬೂಷ್ಟು ಇಂದಿಗೂ ಪೂರ್ತಿ ಬಗೆಹರಿಯದ ಸಮಸ್ಯೆ.

ಈಗ ಕಹಿ ಭಾಗ. ಅಳ್ಳಿನ ಜೋಳದ ಬೀಜ ಅವರ ಮನೆಯಲ್ಲಿ ಇಲ್ಲ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಇಟ್ಟಿದ್ದನ್ನು ಮನೆ ರಿಪೇರಿ ಮಾಡುವಾಗ ಯಾರೋ ಕೋಳಿಗೆ ಹಾಕಿದರಂತೆ. ಪಂಚಮಿಗೆ ಈಗ ಪೇಟೆಯಿಂದ ಅಳ್ಳು ತರುತ್ತಾರೆ. ಸೀತನಿ ಜೋಳದ ನಾಲ್ಕು ತೆನೆ ತೊಲೆಗೆ ನೇತಾಡುತ್ತಿವೆ. ಅವರ ಸೊಸೆಗೆ ಅದನ್ನು ಬಿತ್ತುವ ಮನಸ್ಸಿದೆ. ಮಗ ಮಾತ್ರ ಇಡೀ ಹೊಲಕ್ಕೆ ತೊಗರಿ ಒಂದನ್ನೇ ಬಿತ್ತುತ್ತಾನೆ.

ಮಗನನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ತೊಗರಿಗೆ ದರ ಬರುತ್ತದೆ, ಖರೀದಿ ಕೇಂದ್ರ ತೆರೆಯುತ್ತದೆ. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು, ನಾವೆಲ್ಲ ಹೆಮ್ಮೆಪಟ್ಟೆವು. ಬೀದರ್ ಕಡೆ ಮುಂಗಾರಿ ಹೊಲವೆಲ್ಲ ಸೋಯಾಬೀನ್ ಆಗಿದೆ, ನೀರಿದ್ದಲ್ಲಿ ಕಬ್ಬು. ಯಾದಗಿರಿಯ ಶಹಾಪುರ, ಸುರಪುರ ಭಾಗದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಹರಿದಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಯಿತು, ಹರಿಯದಲ್ಲಿ ಬಿಟಿ ಹತ್ತಿ. ನಾಲ್ಕು ದುಡ್ಡು ನೋಡುವ ಆಸೆ ರೈತನಿಗೆ ಇರಬಾರದೆಂದು ಯಾರೂ ಹೇಳಲಾಗದು. ಜೋಳದ ಬೆಂಬಲ ಬೆಲೆಯನ್ನೇ ನೋಡಿ: 2024–25ರಲ್ಲಿ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,371 ರೂಪಾಯಿ, ಮಾಲ್ದಂಡಿಗೆ 3,421. ಹೆಂಗಸರು ಮೈಮುರಿದು ಕಿತ್ತು ರಾಶಿ ಮಾಡುವ ಹಿಂಗಾರಿ ಜೋಳದ ಹೆಚ್ಚುಗಾರಿಕೆಗೆ ಸರ್ಕಾರ ಕಟ್ಟಿದ ಬೆಲೆ ಐವತ್ತು ರೂಪಾಯಿ. ಇದು ತಮ್ಮ ಕೈಯಲ್ಲಿಲ್ಲ ಎಂಬುದು ಗೊತ್ತು, ಹೊಟ್ಟೆಯುರಿಗೆ ಬರೆದೆ.

ಹೊಸ ತಳಿ ಬೇಡ, ಹಳೆಯದೇ ಶ್ರೇಷ್ಠ ಎಂಬ ವಾದವೂ ನನ್ನದಲ್ಲ. ನೆಟೆ ರೋಗಕ್ಕೆ ತೊಗರಿ ಒಣಗಿ ನಿಲ್ಲುತ್ತಿದ್ದ ಕಾಲದಲ್ಲಿ, 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ನಮ್ಮ ಜಿಲ್ಲೆಯ ಎಷ್ಟೋ ಮನೆಗಳನ್ನು ಉಳಿಸಿತು. ಆದರೆ ಆ ಮಾರುತಿ ಎಲ್ಲಿಂದ ಬಂತು? ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ, ಮಹಾರಾಷ್ಟ್ರದಿಂದ ತಂದ ತೊಗರಿಯ ಸಂಗ್ರಹದಿಂದ ಆರಿಸಿ ತೆಗೆದದ್ದು ಅದು. ಮಾಲ್ದಂಡಿಯ ಕಥೆಯೂ ಅದೇ. ನಾವು ಎಂ 35–1 ಎಂದು ಕರೆಯುವ ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಊರಿನ ಜೋಳದಿಂದಲೇ ಆರಿಸಿದರು. ಸುಮಾರು ತೊಂಬತ್ತು ವರ್ಷಗಳ ನಂತರವೂ ಹಿಂಗಾರಿ ಹೊಲದಲ್ಲಿ ಅದನ್ನು ಪೂರ್ತಿಯಾಗಿ ಹಿಂದಿಕ್ಕುವ ಜೋಳ ಬಂದಿಲ್ಲ. ಆರಿಸುವವರು ಬಂದಾಗ ಆರಿಸಿಕೊಳ್ಳಲು ಊರಿನಲ್ಲಿ ಬೀಜ ಇತ್ತು. ಇನ್ನು ಇಪ್ಪತ್ತು ವರ್ಷಕ್ಕೆ ಬರುವವರಿಗೆ ನಾವು ಏನು ತೋರಿಸುತ್ತೇವೆ, ಕಾಳುಮೆಣಸಿನ ಆ ಹಾಳೆಯನ್ನೇ?

2022ರ ಹಂಗಾಮನ್ನು ತಾವು ಮರೆತಿರಲಾರಿರಿ. ಕಾಯಿ ಕಟ್ಟುವ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಹೊಲಹೊಲವೇ ನೆಟೆ ರೋಗಕ್ಕೆ ಒಣಗಿತು, ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಆ ಪರಿಹಾರಕ್ಕಾಗಿ ತಮ್ಮ ಕಚೇರಿಗಳ ಮುಂದೆಯೂ ಜನ ನಿಂತಿದ್ದರು. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ನೆಟೆ ರೋಗ ಕಡಿಮೆ ಎಂಬುದನ್ನು ಇಕ್ರಿಸ್ಯಾಟ್ ವಿಜ್ಞಾನಿಗಳು 1980ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ಹಿರಿಯರು ಪ್ರಯೋಗಶಾಲೆ ಇಲ್ಲದೆ ಅದನ್ನೇ ಮಾಡುತ್ತಿದ್ದರು. ಜೋಳದ ಸಾಲುಗಳ ನಡುವೆ ತೊಗರಿ, ತೊಗರಿಯ ಜೊತೆ ಹೆಸರು, ಎಳ್ಳು, ಸಜ್ಜೆ, ಬದುವಿನ ಬಳಿ ಪುಂಡಿ, ಹಿಂಗಾರಿ ಹೊಲದ ಸುತ್ತ ದನ ನುಗ್ಗದಂತೆ ಮುಳ್ಳಿನ ಕುಸುಬೆ. ಯಾವ ಸಾಲಿನ ಪಕ್ಕದಲ್ಲಿ ಯಾವ ಸಾಲು, ಎಷ್ಟು ಸಾಲಿಗೊಂದು ಎಂಬ ಲೆಕ್ಕ ಕೂರಿಗೆಯ ಹಿಂದೆ ನಡೆಯುತ್ತಾ ಬೀಜ ಬಿಡುತ್ತಿದ್ದ ಹೆಂಗಸರ ಕೈಯಲ್ಲಿತ್ತು. ಹಸಿರು ಹುಳು ಬಿದ್ದಾಗ ತೊಗರಿ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯಲ್ಲಿ ಹುಳು ಉದುರಿಸಿ ಸಾಯಿಸುವ ಪದ್ಧತಿ ನಮ್ಮ ಜಿಲ್ಲೆಯ ರೈತರದ್ದೇ. ಕೃಷಿ ಸಂಶೋಧಕರು ಅದನ್ನು ದಾಖಲಿಸಿಕೊಂಡು ಬೇರೆಡೆಗೂ ಹೇಳಿದರು. ನಮ್ಮ ಪಂಚಾಯಿತಿಯ ದಾಖಲಾತಿಗೆ ಮಾತ್ರ ಅದು ಗೊತ್ತಿಲ್ಲ.

ಬಿತ್ತದೆ ಬೆಳೆಯುವ ಸೊಪ್ಪುಗಳ ಮಾತು ಇನ್ನೂ ಕಠಿಣ. ಹಕ್ಕರಕಿ, ಗೋಳಿ, ತಗಚೆ ಇವನ್ನು ಯಾರೂ ಬಿತ್ತಿದವರಲ್ಲ. ಹೊಲದಲ್ಲಿ ತಾವಾಗಿ ಹುಟ್ಟುತ್ತವೆ. ಕಸ ತೆಗೆಯಲು ಹೋದವರು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಾರೆ. ಹೊಲ ಇಲ್ಲದ ಮನೆಗಳಿಗೂ ಈ ಪಲ್ಯದ ಮೇಲೆ ಹಕ್ಕಿತ್ತು, ಯಾರ ಹೊಲದಲ್ಲಿ ಕಿತ್ತರೂ ಯಾರೂ ಬೈಯುತ್ತಿರಲಿಲ್ಲ. ಈಗ ಸೋಯಾ ಹೊಲಕ್ಕೆ ಕಳೆನಾಶಕ ಹೊಡೆಯುತ್ತೇವೆ, ತೊಗರಿಗೂ ಹೊಡೆಯುತ್ತೇವೆ. ಕೂಲಿ ಸಿಗುವುದಿಲ್ಲ, ಎಡೆ ಹೊಡೆಯಲು ಎತ್ತು ಉಳಿದಿಲ್ಲ, ಕಾರಣ ಸ್ಪಷ್ಟವಾಗಿದೆ. ಆದರೆ ಎಳ್ಳ ಅಮಾವಾಸ್ಯೆಯಂದು ಸೊಪ್ಪು, ಕಾಳು ಬೆರೆಸಿ ಬೇಯಿಸುವ ಭಜ್ಜಿಗೆ ಹೊಲದಲ್ಲಿ ಸೊಪ್ಪು ಸಿಗದೆ ಸಂತೆಯ ಪಾಲಕ್ ಹಾಕುವ ಸ್ಥಿತಿ ಬಂದಿದೆ. ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಪ್ಲಾಸ್ಟಿಕ್ ಚೀಲದಲ್ಲಿ ಪೇಟೆಯ ಸೊಪ್ಪನ್ನು ಒಯ್ಯುತ್ತೇವೆ. ಭೂಮಿತಾಯಿಗೆ ಇದು ತಮಾಷೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಗೋಧಿಯದೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹುಗ್ಗಿಗೂ ಶಾವಿಗೆಗೂ ಬೇಕಾಗಿದ್ದ ಜವೆ ಗೋಧಿಯ ಸಿಪ್ಪೆ ಬಿಡಿಸಲು ಕುಟ್ಟಬೇಕು. ಕುಟ್ಟುವವರು ಬೇಸತ್ತರು, ಬೆಳೆಯುವವರು ಬಿಟ್ಟರು. ಈಗ ಅದೇ ಗೋಧಿ ‘ಖಪ್ಲಿ’ ಎಂಬ ಹೆಸರಿನಲ್ಲಿ ನಗರದ ಅಂಗಡಿಗಳಲ್ಲಿ ಸಾಮಾನ್ಯ ಗೋಧಿಗಿಂತ ದುಬಾರಿಯಾಗಿ ಮಾರಾಟವಾಗುತ್ತಿದೆ.

ಇದೆಲ್ಲ ಪಂಚಾಯಿತಿಯಿಂದ ಆಗುವ ಕೆಲಸವೇ ಎಂದು ತಾವು ಕೇಳಬಹುದು. ಬೀದರ್‌ನಿಂದ ಬಸ್ ಹತ್ತಿದರೆ ಬಹಳ ದೂರವೇನೂ ಅಲ್ಲದ ತೆಲಂಗಾಣದ ಜಹೀರಾಬಾದ್ ಬಳಿ ಪಸ್ತಾಪುರ ಎಂಬ ಊರಿದೆ. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿದ ಮಹಿಳಾ ಸಂಘಗಳು, ಹೆಚ್ಚಿನವರು ದಲಿತ ಕುಟುಂಬಗಳ ಸಣ್ಣ ರೈತ ಮಹಿಳೆಯರು, ಊರೂರಲ್ಲಿ ಬೀಜದ ಭಂಡಾರಗಳನ್ನು ನಡೆಸುತ್ತಾರೆ. ಬೀಜವನ್ನು ಕೊಡುವುದು ಕಡ, ರಾಶಿಯಾದ ಮೇಲೆ ಹೆಚ್ಚಿಗೆ ಅಳೆದು ಹಿಂದಿರುಗಿಸಬೇಕು. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಂಡಿಗಳನ್ನು ಸಿಂಗರಿಸಿ, ಹಳೆಯ ತಳಿಗಳ ಬೀಜ ತುಂಬಿಕೊಂಡು ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಹೊರಡುತ್ತಾರೆ. 2019ರಲ್ಲಿ ಆ ಮಹಿಳಾ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಅವರ ಮಣ್ಣು, ಮಳೆ ನಮಗಿಂತ ಬೇರೆಯಲ್ಲ. ಅಲ್ಲಿನ ಎಷ್ಟೋ ಮನೆಗಳಿಗೂ ನಮ್ಮ ಚಿಂಚೋಳಿ, ಹುಮನಾಬಾದ್ ಕಡೆಯ ಮನೆಗಳಿಗೂ ಹೆಣ್ಣು ಕೊಟ್ಟು ತಂದ ಸಂಬಂಧವಿದೆ. ಒಮ್ಮೆ ಸದಸ್ಯರನ್ನೆಲ್ಲ ಕರೆದುಕೊಂಡು ಹೋಗಿ ನೋಡಿ ಬನ್ನಿ; ಅಧ್ಯಯನ ಪ್ರವಾಸಕ್ಕೆ ಕೇರಳಕ್ಕೇ ಹೋಗಬೇಕೆಂದೇನಿಲ್ಲ.

ನಾನು ಕೇಳುವುದು ಹೆಚ್ಚೇನೂ ಇಲ್ಲ. ಮೊದಲನೆಯದಾಗಿ ತಮ್ಮ ಕಪಾಟಿನ ದಾಖಲಾತಿಯನ್ನು ಹೊರತೆಗೆದು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಓದುವವರು ಬೆಳೆಗಳ ಪಟ್ಟಿಗೆ ಬಂದಾಗ ಜನರೇ ತಿದ್ದುತ್ತಾರೆ, ನಗುತ್ತಾರೆ. ಆ ನಗೆಯಿಂದಲೇ ತಿದ್ದುಪಡಿ ಶುರುವಾಗಲಿ. ನಂತರ ಸಮಿತಿಯಲ್ಲಿ ಯಾರಿದ್ದಾರೆ ಎಂದು ನೋಡಿ. ಮಹಿಳೆಯರ ಹೆಸರುಗಳಿರಬಹುದು, ಆದರೆ ಅವರಿಗೆ ತಾವು ಸದಸ್ಯರೆಂದು ಗೊತ್ತಿದೆಯೇ? ಬೀಜ ಕಟ್ಟಿಡುವ ಕೈಗಳು ಆ ಸಮಿತಿಯಲ್ಲಿರಲಿ. ಬರೆಯುವಾಗ ‘ಜೋಳ’ ಎಂದು ನಿಲ್ಲಿಸಬೇಡಿ. ಯಾವ ಜೋಳ, ಯಾವ ಮನೆಯಲ್ಲಿದೆ, ಯಾವ ಅಡುಗೆಗೆ, ಯಾವ ಹೊಲಕ್ಕೆ, ಕೊನೆಯ ಬಾರಿ ಬಿತ್ತಿದ್ದು ಯಾವಾಗ ಎಂಬುದನ್ನೆಲ್ಲ ಬರೆಸಿ. ಬೀಜ ಕಳೆದುಹೋಗಿದ್ದರೆ ಹೋಗಿದೆ ಎಂದೇ ಬರೆಸಿ; ಪಕ್ಕದ ಪಂಚಾಯಿತಿಯ ದಾಖಲಾತಿಯಲ್ಲಿ ಅದು ಸಿಗಬಹುದು.

ನಾಟಿ ವೈದ್ಯರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕುಂಚಾವರಂ ಕಾಡಿನ ಅಂಚಿನ ತಾಂಡಾಗಳಲ್ಲಿ ಮುರಿದ ಎಲುಬಿಗೆ, ದನದ ಕಾಯಿಲೆಗೆ ಔಷಧ ಕೊಡುವ ಹಿರಿಯರಿದ್ದಾರೆ. ಯಾವ ಗಿಡ, ಎಷ್ಟು ಪಾಲು ಎಂದು ಹೇಳಲು ಅವರು ಹಿಂಜರಿಯುತ್ತಾರೆ, ನನ್ನ ದೃಷ್ಟಿಯಲ್ಲಿ ಅವರ ಹಿಂಜರಿಕೆ ಸರಿಯಾಗಿಯೇ ಇದೆ. ಬರೆದದ್ದನ್ನು ನಾಳೆ ಯಾವುದೋ ಕಂಪನಿ ಓದಿಕೊಂಡು ಹೋಗುವುದಿಲ್ಲ ಎಂದು ತಾವು ಬರೆದು ಕೊಡಬಲ್ಲಿರಾ? ಅವರ ಹೆಸರು ಬರೆಸಿ, ಗಿಡ ಉಳಿಸಿ. ಪಾಕ ಅವರಲ್ಲೇ ಇರಲಿ. ಹೊರಗಿನವರು ವ್ಯಾಪಾರಕ್ಕಾಗಿ ಗಿಡಮೂಲಿಕೆ ಒಯ್ದರೆ ಶುಲ್ಕ ವಿಧಿಸುವ ಅಧಿಕಾರವನ್ನು ಕಾಯ್ದೆ ಸಮಿತಿಗೆ ಕೊಟ್ಟಿದೆ, ಸ್ಥಳೀಯ ಜೀವವೈವಿಧ್ಯ ನಿಧಿ ಇರಬೇಕೆಂದೂ ಹೇಳಿದೆ. ತಮ್ಮಲ್ಲಿ ಆ ನಿಧಿಯ ಖಾತೆ ಇದೆಯೇ ಎಂದು ಪಿಡಿಒ ಅವರನ್ನು ಒಮ್ಮೆ ವಿಚಾರಿಸಿ.

ಇನ್ನು ಬೀಜ. 2024–25ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಸಮುದಾಯ ಬೀಜ ಬ್ಯಾಂಕ್ ಮಾಡುವ ಮಾತಾಡಿದೆ. ಅದು ನಮ್ಮ ಹಳ್ಳಿಗೆ ಬಂದಾಗ ಬರಲಿ. ಅಲ್ಲಿಯವರೆಗೆ ಒಂದು ಒಣ ಕೋಣೆ, ಮುಚ್ಚಳ ಬಿಗಿಯಾದ ಡಬ್ಬಗಳು, ಒಂದು ಕಡದ ಪುಸ್ತಕ ಇಷ್ಟಿದ್ದರೆ ಮಹಿಳಾ ಸ್ವಸಹಾಯ ಸಂಘ ಕೆಲಸ ಶುರು ಮಾಡಬಲ್ಲದು. ಗೋಡೆಗೆ ಬಣ್ಣ ಬಳಿಸಿ ಫಲಕ ಹಾಕಿದ ಖರ್ಚಿನಲ್ಲಿ ಇದು ಆಗುತ್ತದೆ. ಪ್ರತಿ ಊರಿನ ಸರ್ಕಾರಿ ಶಾಲೆಗೆ ಜಾಗವಿದ್ದರೆ ಎರಡು ಗುಂಟೆಯಲ್ಲಿ ಆ ಬೀಜಗಳನ್ನು ಪ್ರತಿ ವರ್ಷ ಬಿತ್ತಿ ಹೊಸದು ಮಾಡಬೇಕು. ಡಬ್ಬದಲ್ಲಿಟ್ಟ ಜೋಳ ಬಹಳ ವರ್ಷ ಮೊಳಕೆಯ ಶಕ್ತಿ ಉಳಿಸಿಕೊಳ್ಳುವುದಿಲ್ಲ. ತಳಿ ಬೆರೆಯದಂತೆ ಕಾಯುವುದರಲ್ಲಿ ಜೋಳವಾದರೂ ಸ್ವಲ್ಪ ವಾಸಿ. ತೊಗರಿಯಲ್ಲಿ ಜೇನುಹುಳು ಪರಾಗ ಬೆರೆಸುತ್ತದೆ, ಹಾಗಾಗಿ ಬೇರೆ ತೊಗರಿಯಿಂದ ದೂರ ಬಿತ್ತದಿದ್ದರೆ ಬಿಳಿ ತೊಗರಿ ಬಿಳಿಯಾಗಿ ಉಳಿಯುವುದಿಲ್ಲ. ಇದಕ್ಕೆ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಬೇಕು, ಕರೆದರೆ ಬರುತ್ತಾರೆ.

ರೈತರ ಜವಾರಿ ತಳಿಗಳನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಶುಲ್ಕವಿಲ್ಲದೆ ನೋಂದಾಯಿಸಬಹುದು. ತಳಿ ಕಾಪಾಡಿದ ಸಮುದಾಯಗಳಿಗೆ ಆ ಕಾಯ್ದೆಯಡಿ ರಚನೆಯಾದ ಪ್ರಾಧಿಕಾರ 10 ಲಕ್ಷ ರೂಪಾಯಿಯ ಪ್ರಶಸ್ತಿಯನ್ನೂ ಕೊಡುತ್ತದೆ. ಅರ್ಜಿ ಬರೆಯಲು ಓದು ಬರಹ ಬಲ್ಲವರು ಊರಿನಲ್ಲಿದ್ದಾರೆ. ಅರ್ಜಿಯಲ್ಲಿ ತುಂಬಬೇಕಾದ ವಿವರ ಮಾತ್ರ ಆಯಿಯಂಥವರ ಬಾಯಲ್ಲಿದೆ, ಅವರಿಗೆ ಎಂಬತ್ತು ದಾಟಿದೆ.

ಆದ್ದರಿಂದ ಒಂದು ಗಡುವನ್ನು ನಾನೇ ಸೂಚಿಸುತ್ತೇನೆ, ದಂಡವಿಲ್ಲದ ಗಡುವು. ಬರುವ ಎಳ್ಳ ಅಮಾವಾಸ್ಯೆಯ ಒಳಗೆ ದಾಖಲಾತಿಯ ಬೆಳೆಗಳ ಅಧ್ಯಾಯವನ್ನಾದರೂ ಹೊಸದಾಗಿ ಬರೆಸಿ. ಹಿಂಗಾರಿ ಜೋಳ ತೆನೆ ಬಿಡುವ ಆ ಹೊತ್ತಿನಲ್ಲಿ ಎಲ್ಲರೂ ಹೊಲದಲ್ಲೇ ಇರುತ್ತಾರೆ, ಯಾರ ಹೊಲದಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ ಬರೆಯಬಹುದು. ಚಿಂಚೋಳಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ನಾನು ಬರುತ್ತೇನೆ, ನನ್ನಂಥ ನಿವೃತ್ತ ಶಿಕ್ಷಕರು ಇನ್ನೂ ಕೆಲವರು ಒಪ್ಪಿದ್ದಾರೆ. ಗೌರವಧನ ಬೇಡ. ಗ್ರಾಮಸಭೆಯ ದಿನಾಂಕವನ್ನು ಒಂದು ವಾರ ಮೊದಲು ತಿಳಿಸಿ, ಮತ್ತು ಸಭೆಯನ್ನು ಹೆಂಗಸರು ಹೊಲದಿಂದ ಮರಳಿದ ಮೇಲೆ, ಸಂಜೆಗೆ ಇಡಿ.

ಇಂತಿ ತಮ್ಮ ವಿಶ್ವಾಸಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ರೈತ, ನಿವೃತ್ತ ಶಿಕ್ಷಕ